ಕುದಿಸದೆ ಹಾಕಿದ ಕೆಂಪು ಬೀನ್ಸ್

ಮಕ್ಕಳೇ, ಮೊನ್ನೆ ಫೋನಿನಲ್ಲಿ ನೀವಿಬ್ಬರೂ ನಗುತ್ತಾ ಕೇಳಿದಿರಿ, ಆ ಪಾಸ್ತಾ ಸೂಪಿನ ದಿನ ಏನಾಯಿತು ಎಂದು. ಅಮ್ಮ ಅರ್ಧ ಹೇಳಿ ನಿಲ್ಲಿಸುತ್ತಾಳಂತೆ. ನನಗೂ ಫೋನಿನಲ್ಲಿ ಹೇಳಲು ಆಗಲಿಲ್ಲ, ಬೇರೆ ಮಾತು ತೆಗೆದೆ. ಬರೆದರೆ ಹೇಳಬಹುದು ಅನಿಸಿತು. ನಮ್ಮ ಮನೆಮಾತು ಕೊಂಕಣಿಯಾದರೂ ನನಗೆ ಬರೆಯಲು ಬರುವುದು ಊರಿನ ಇಗರ್ಜಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಮಾತ್ರ. ಓದಲು ಕಷ್ಟವಾದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ.

ನಿಮ್ಮ ಅಜ್ಜ ತೀರಿಹೋದ ಮರುವರ್ಷ ನಾನು ನಿಮ್ಮಮ್ಮನ ಎರಡನೆಯ ಬಾಣಂತನಕ್ಕೆ ಕತಾರಿಗೆ ಬಂದೆ. ಆಗ ನೀವು ಇದ್ದದ್ದು ಅಲ್ ಮನ್ಸೂರಾದಲ್ಲಿ, ಮೂರನೆಯ ಮಾಳಿಗೆಯ ಎರಡು ಕೋಣೆಯ ಮನೆಯಲ್ಲಿ. ಅಕ್ಕನಿಗೆ ಐದು ವರ್ಷ, ತಮ್ಮನಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ನಿಮ್ಮಪ್ಪ ಬೆಳಿಗ್ಗೆ ಆರೂವರೆಗೆ ಹೊರಡುವವರು, ಹೋಗುವಾಗ ಅಕ್ಕನನ್ನು ಶಾಲೆಗೆ ಬಿಡುವವರು, ಕತ್ತಲಾದ ಮೇಲೆಯೇ ಮನೆಗೆ ಬರುವವರು. ನಿಮ್ಮಮ್ಮನ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ಮಗುವನ್ನು ನೋಡಿಕೊಳ್ಳಲು ನಾನೊಬ್ಬಳೇ. ನಾನು ಸಾಲುತ್ತೇನೋ ಇಲ್ಲವೋ ಎಂಬುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ಒಂದು ವಾರ ನೋಡುವ ಮಾಂಯ್," ಎಂದಳು ಅವಳು. ಹೆತ್ತ ತಾಯಿಯಾಗಿ ಅವಳಿಗೂ, ಅಜ್ಜಿಯಾಗಿ ನಿಮಗೂ ನಾನು ಮಾಂಯ್. "ಆಗದಿದ್ರೆ ಕೆಲಸ ಬಿಡ್ತೇನೆ. ಅದರಲ್ಲಿ ಎಂತ ಉಂಟು?"

ಏನೂ ಇಲ್ಲದವಳ ಹಾಗೆ ಹೇಳಿದಳು. ಆದರೆ ಆಫೀಸಿಗೆ ಹಾಕುವ ಬಟ್ಟೆಯನ್ನು ಮೂರು ದಿನ ಮೊದಲೇ ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದ್ದನ್ನು ನಾನು ನೋಡಿದ್ದೆ. ನಮ್ಮ ಕುಟುಂಬದಲ್ಲಿ ಮೇಜು ಕುರ್ಚಿಯ ಕೆಲಸ ಸಿಕ್ಕಿದ ಮೊದಲ ಹೆಣ್ಣುಮಗಳು ಅವಳು. ಗಂಡಸರಲ್ಲಿಯೂ ಅಷ್ಟು ಓದಿದವರು ಇರಲಿಲ್ಲ. ಅದು ನನ್ನಿಂದ ತಪ್ಪಿಹೋಗಬಾರದು ಎಂಬ ಹೆದರಿಕೆ ಎದ್ದರೂ ಕೂತರೂ ನನ್ನೊಳಗೆ ಇತ್ತು.

ಹೆದರಲು ಕಾರಣವೂ ಇತ್ತು. ಬಂದ ಮೊದಲ ವಾರವೇ ನಾನು ಹಾಲು ಉಕ್ಕಿಸಿ ಗ್ಯಾಸಿನ ಬೆಂಕಿ ಆರಿಸಿಬಿಟ್ಟಿದ್ದೆ. ಊರಿನಲ್ಲಿ ಕಟ್ಟಿಗೆ ಒಲೆಯೇ ಕೊನೆಯವರೆಗೂ. ಗ್ಯಾಸು ಸೋರುವ ಆ ವಾಸನೆ ಏನೆಂದು ನನಗೆ ತಿಳಿಯಲಿಲ್ಲ. ಪಾತ್ರೆ ತೊಳೆಯುತ್ತಾ ಅಲ್ಲೇ ನಿಂತಿದ್ದೆ. ನಿಮ್ಮಮ್ಮ ಹಾಸಿಗೆಯಿಂದ ಎದ್ದು ಬಂದು ಕಿಟಕಿಗಳನ್ನೆಲ್ಲ ತೆರೆದಳು. ಬೈಯಲಿಲ್ಲ. ಆ ದಿನದಿಂದ ಅಡುಗೆಯಾದ ಕೂಡಲೇ ಸಿಲಿಂಡರಿನ ತಿರುಪನ್ನು ಅವಳೇ ಮುಚ್ಚುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಹಾಗಾಗಿ ಕೆಲಸಕ್ಕೆ ಹೋಗುವ ಮೊದಲು ಅವಳೊಂದು ಸ್ಲೋ ಕುಕ್ಕರ್ ತಂದಳು. ನಮ್ಮೂರಿನ ಮಣ್ಣಿನ ಅಡುಗೆ ಪಾತ್ರೆ ಬಿಸಲೆಯ ಹಾಗೆ ದಪ್ಪ, ಕಪ್ಪು, ಎತ್ತಲು ಭಾರ. ಹೊರಗೊಂದು ಸ್ಟೀಲಿನ ಕವಚ, ಮೇಲೆ ಗಾಜಿನ ಮುಚ್ಚಳ, ಕರೆಂಟಿನ ವಯರು. ಬೆಂಕಿಯಿಲ್ಲ, ಸೀಟಿಯಿಲ್ಲ, ಸದ್ದಿಲ್ಲ. ಬೆಳಿಗ್ಗೆ ಹಾಕಿಟ್ಟರೆ ಸಂಜೆಗೆ ಅಡುಗೆ. ಅವಳ ಆಫೀಸಿನಲ್ಲಿದ್ದ ಫಿಲಿಪ್ಪೀನಿನ ಹುಡುಗಿಯೊಬ್ಬಳು ಪಾಸ್ತಾ ಸೂಪು ಮಾಡುವ ಬಗೆ ಹೇಳಿಕೊಟ್ಟಿದ್ದಳಂತೆ. ಮಾಂಸ, ಕ್ಯಾರೆಟ್, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಕೆಂಪು ಬೀನ್ಸ್ ಎಲ್ಲ ಸಣ್ಣ ಬಿಸಿಯಲ್ಲಿ ಇಡೀ ದಿನ ಬೇಯಬೇಕು. ಕೊನೆಯ ಅರ್ಧ ಗಂಟೆಗೆ ಪಾಸ್ತಾ ಹಾಕಬೇಕು. ಒಂದೇ ಪಾತ್ರೆಯಲ್ಲಿ ಎಲ್ಲರ ಊಟವಾಗುತ್ತದೆ, ನಿನಗೆ ಗ್ಯಾಸಿನ ಗೊಡವೆಯೇ ಇಲ್ಲ ಎಂದಳು.

ಮೊದಲ ದಿನ ಆದಿತ್ಯವಾರ. ಅಲ್ಲಿ ಕೆಲಸದ ವಾರ ಶುರುವಾಗುವುದೇ ಆದಿತ್ಯವಾರ, ಅದು ಕೂಡ ನನಗೆ ಕಸಿವಿಸಿ. ಬೀನ್ಸನ್ನು ಶನಿವಾರವೇ ನೀರಿಗೆ ಹಾಕಿಟ್ಟಿದ್ದಳು. ಬೆಳಿಗ್ಗೆ ಮಾಂಸ, ತರಕಾರಿ ಎಲ್ಲ ಹೆಚ್ಚಿ ಪಾತ್ರೆಗೆ ಹಾಕಿ ನೀರು ಹೊಯ್ದು ಸ್ವಿಚ್ ಹಾಕಿದಳು. ಬೀನ್ಸ್ ಮಾತ್ರ ಉಳಿಯಿತು. ಅಷ್ಟರಲ್ಲಿ ತಮ್ಮ ಅವಳ ಹೆಗಲ ಮೇಲೆ ಹಾಲು ಕಕ್ಕಿದ. ಅವಳು ಬಟ್ಟೆ ಬದಲಿಸುತ್ತಿರುವಾಗ ಕೆಳಗೆ ಆಫೀಸಿನ ವ್ಯಾನು ಹಾರ್ನ್ ಹಾಕತೊಡಗಿತು.

"ಮಾಂಯ್, ಬೀನ್ಸನ್ನು ಗ್ಯಾಸಲ್ಲಿ ಹತ್ತು ನಿಮಿಷ ಜೋರಾಗಿ ಕುದಿಸು. ಆ ನೀರು ಚೆಲ್ಲು. ಮತ್ತೆ ಪಾತ್ರೆಗೆ ಹಾಕು. ಸಿಲಿಂಡರ್ ತೆರೆದಿಟ್ಟಿದ್ದೇನೆ, ಆದ ಮೇಲೆ ಮುಚ್ಚು. ಆಗ್ತದಲ್ಲ?"

"ಆಗ್ತದೆ. ನೀನು ಹೋಗು."

ಯಾಕೆ ಕುದಿಸಬೇಕು ಎಂದು ಅವಳು ಹೇಳಲಿಲ್ಲ, ಹೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ಓದಿದ ಮಗಳನ್ನು ಏನಾದರೂ ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎಂದು ಅವಳಿಗೆ ಅನಿಸಬಹುದು ಎಂಬ ನಾಚಿಕೆ ನನಗೆ ಯಾವಾಗಲೂ.

ಬಾಗಿಲು ಹಾಕಿಕೊಂಡು ಬಂದು ಗ್ಯಾಸಿನ ಮುಂದೆ ನಿಂತೆ. ಲೈಟರ್ ಕೈಯಲ್ಲಿತ್ತು. ಒಳಗೆ ತಮ್ಮ ಅಳುತ್ತಿದ್ದ. ಬೆಂಕಿ ಹಚ್ಚಿ ಅವನ ಹತ್ತಿರ ಹೋದರೆ ಇಲ್ಲಿ ಏನಾಗುತ್ತದೋ, ಇಲ್ಲೇ ನಿಂತರೆ ಅವನು ಉಸಿರು ಕಟ್ಟಿ ಅಳುತ್ತಾನೆ. ಇನ್ನೊಂದು ವಿಷಯವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬೇಯಿಸಿದ ನೀರನ್ನು ಚೆಲ್ಲು ಎಂದದ್ದು ನನಗೆ ಹಿಡಿಸಲಿಲ್ಲ. ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿದ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ. ಅದರದ್ದೇ ಸಾರು. ಕಾಳು ದನಕ್ಕೆ ಹೋದರೂ ಕಟ್ಟು ಮನುಷ್ಯರಿಗೆ. ಸತ್ವವೆಲ್ಲ ನೀರಿನಲ್ಲಿಯೇ ಇರುತ್ತದೆ ಎಂದು ಅತ್ತೆ ಹೇಳಿ ಹೇಳಿ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೇಗೂ ಇಡೀ ದಿನ ಬೇಯುವ ಪಾತ್ರೆ, ಹತ್ತು ನಿಮಿಷದ ಕುದಿ ಯಾವ ಲೆಕ್ಕ ಎಂದುಕೊಂಡೆ. ಬೀನ್ಸನ್ನೂ ಅದು ನೆನೆದ ನೀರನ್ನೂ ಹಾಗೆಯೇ ಪಾತ್ರೆಗೆ ಸುರಿದು ಮುಚ್ಚಳ ಮುಚ್ಚಿದೆ. ಸಿಲಿಂಡರಿನ ತಿರುಪನ್ನು ಮುಚ್ಚಿ ಎರಡು ಸಲ ಮುಟ್ಟಿ ನೋಡಿದೆ. ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದೆ ಅನಿಸಿತು.

ಆದರೆ ಆ ಪಾತ್ರೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅಡುಗೆ ಎಂದರೆ ಸದ್ದು ಇರುತ್ತದೆ, ಹೊಗೆಯಾದರೂ ಇರುತ್ತದೆ. ಇದು ಬೇಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮಗುವನ್ನು ಮಲಗಿಸಿ ಬಂದು ಮುಚ್ಚಳ ತೆಗೆದೆ. ನೀರು ಉಗುರುಬೆಚ್ಚಗೆ. ಮತ್ತೆ ಹೋಗಿ ಬಂದು ತೆಗೆದೆ. ಸೌಟು ಹಾಕಿ ತಿರುವಿದೆ. ಮುಚ್ಚಳ ತೆಗೆದಾಗಲೆಲ್ಲ ಒಳಗಿನ ಬಿಸಿ ಹೊರಗೆ ಹೋಗುತ್ತದೆ, ಅದು ಮತ್ತೆ ಕೂಡಲು ತುಂಬಾ ಹೊತ್ತು ಬೇಕು ಎಂದು ನನಗೆ ಆಮೇಲೆ ತಿಳಿಯಿತು. ಮಧ್ಯಾಹ್ನ ಹನ್ನೆರಡಾಗುವುದರೊಳಗೆ ಹದಿನೈದು ಸಲವಾದರೂ ತೆಗೆದಿರಬೇಕು.

ಹನ್ನೆರಡೂವರೆಗೆ ಶಾಲೆಯ ವ್ಯಾನಿನಿಂದ ಅಕ್ಕ ಬಂದಳು. ಅವಳಿಗೆಂದು ಅನ್ನ, ಮೀನಿನ ಸಾರು ಇತ್ತು. ನೋಡಿ ಮೂಗು ಮುರಿದಳು.

"ನೋ ಫಿಶ್. ಮಾಂಯ್, ಸೂಪ್ ಸ್ಮೆಲ್ ಬರ್ತದೆ. ಸೂಪ್ ಕೊಡು."

"ಅದು ಆಗ್ಲಿಲ್ಲ ಪುಟ್ಟ. ಸಂಜೆಗೆ."

"ಸ್ವಲ್ಪ. ಲಿಟ್ಲ್."

ಮಗು ಹಸಿದಿರುವಾಗ ಪಾತ್ರೆಯಲ್ಲಿ ಇದ್ದದ್ದನ್ನು ಇಲ್ಲ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಒಂದು ಬಟ್ಟಲು ತೋಡಿಕೊಟ್ಟೆ. ಮಾಂಸವನ್ನು ಬದಿಗಿಟ್ಟಳು. ಬೀನ್ಸಿನ ಸಿಪ್ಪೆ ಮೆತ್ತಗಾಗಿತ್ತು, ಒಳಗೆ ಇನ್ನೂ ಗಟ್ಟಿ. ಅವಳಿಗೆ ಅದೇ ಇಷ್ಟವಾಯಿತು. ಕೆಂಪು ಕೆಂಪು ಆರಿಸಿ ಕಡಲೆಯ ಹಾಗೆ ಕುಟುಕುಟು ಕಡಿದು ತಿಂದಳು. ತಿನ್ನುವುದನ್ನು ನೋಡಿ ನನಗೆ ಆ ದಿನದಲ್ಲಿ ಮೊದಲ ಸಲ ಸಮಾಧಾನವಾಯಿತು.

ಒಂದು ಗಂಟೆಗೆ ನಿಮ್ಮಮ್ಮನ ಫೋನು ಬಂತು. ತಮ್ಮ ಹಾಲು ಕುಡಿದನಾ, ಅಕ್ಕ ಬಂದಳಾ, ಎಲ್ಲ ಕೇಳಿದಳು. ಕೊನೆಗೆ, "ಬೀನ್ಸ್ ಕುದಿಸಿದ್ಯಲ್ಲ?" ಎಂದಳು.

"ಹೂಂ," ಎಂದೆ.

ಆ ಹೂಂ ಹೇಗೆ ಬಂತೋ ಇಂದಿಗೂ ನನಗೆ ಗೊತ್ತಿಲ್ಲ. ಇಲ್ಲ ಎನ್ನಬೇಕೆಂದು ಬಾಯಿ ತೆರೆದಿದ್ದೆ.

"ಒಳ್ಳೇದಾಯ್ತು. ಬೆಳಿಗ್ಗೆ ಗಡಿಬಿಡಿಯಲ್ಲಿ ಹೇಳ್ಲಿಕ್ಕೆ ಆಗ್ಲಿಲ್ಲ. ಕುದಿಸದೆ ಆ ಪಾತ್ರೆಗೆ ಹಾಕಿದ್ರೆ ವಿಷ ಅಂತೆ ಮಾಂಯ್. ಸಣ್ಣ ಬಿಸಿಗೆ ಆ ವಿಷ ಹೋಗುದಿಲ್ಲ. ಸೂಪು ಹೇಳಿಕೊಟ್ಟ ಇವಳ ರೂಮಿನವರೆಲ್ಲ ಒಮ್ಮೆ ತಿಂದು ವಾಂತಿ ಮಾಡಿ ಮಾಡಿ ಆಸ್ಪತ್ರೆಗೆ ಹೋಗಿದ್ರಂತೆ." ಹೇಳಿ ನಕ್ಕಳು. ಹಿಂದೆ ಯಾರೋ ನಕ್ಕದ್ದೂ ಕೇಳಿಸಿತು. ಆಫೀಸಿನಲ್ಲಿ ಅವಳು ಸಂತೋಷದಲ್ಲಿ ಇದ್ದಳು.

ಫೋನು ಇಟ್ಟು ತಿರುಗಿದೆ. ಅಕ್ಕ ನೆಲದ ಮೇಲೆ ಹೊಟ್ಟೆ ಅಡಿಗೆ ಮಾಡಿ ಮಲಗಿ ಬಣ್ಣ ಹಚ್ಚುತ್ತಿದ್ದಳು.

"ಪುಟ್ಟ, ಎಷ್ಟು ಬೀನ್ಸ್ ತಿಂದೆ?"

"ಫೈವ್." ಸ್ವಲ್ಪ ಯೋಚಿಸಿ, "ಅಲ್ಲ, ಟೆನ್."

"ಹೊಟ್ಟೆ ನೋವುಂಟಾ?"

"ಇಲ್ಲ."

ಮತ್ತೆ ಕೇಳಿದೆ. ಮತ್ತೂ ಕೇಳಿದೆ. ಐದನೆಯ ಸಲ ಅವಳು ಪೆನ್ಸಿಲ್ ಕೆಳಗಿಟ್ಟು, "ಈಗ ಉಂಟು," ಎಂದಳು. ನಾನು ಕೇಳಿದ್ದಕ್ಕೆ ನೋವು ಬಂತೋ, ನಿಜವಾಗಿ ಬಂತೋ ಹೇಗೆ ತಿಳಿಯುವುದು? ಆಗ ನಾನು ಮಾಡಿದ ಕೆಲಸಕ್ಕೆ ನೀವು ನಗುತ್ತೀರಿ. ಪಾತ್ರೆಯಿಂದ ಒಂದು ಸೌಟು ಬೀನ್ಸ್ ತೆಗೆದು ನಾನೂ ತಿಂದೆ. ಅವಳಿಗೆ ಆಗುವುದು ನನಗೂ ಆಗಲಿ, ಆಗದಿದ್ದರೆ ಅವಳಿಗೂ ಏನೂ ಆಗುವುದಿಲ್ಲ ಎಂಬ ಲೆಕ್ಕ ನನ್ನದು.

ಗೋಡೆಯ ಗಡಿಯಾರದ ಕೆಳಗೆ ಕೂತೆ. ನಿಮ್ಮಮ್ಮನಿಗೆ ಹೇಳಿದರೆ ಅವಳು ಈಗಲೇ ಓಡಿ ಬರುತ್ತಾಳೆ, ಮೊದಲ ದಿನವೇ ಅರ್ಧದಲ್ಲಿ ಎದ್ದು ಬಂದವಳಿಗೆ ಕೆಲಸ ಎಲ್ಲಿಯದು. ಹೇಳದಿದ್ದರೆ, ಮಗುವಿಗೆ ಏನಾದರೂ ಆದರೆ? ಏನೂ ಆಗದಿದ್ದರೆ ಯಾರಿಗೂ ತಿಳಿಯುವುದೇ ಇಲ್ಲ. ಈ ಮೂರನೆಯ ಯೋಚನೆಗೆ ಅಂಟಿಕೊಂಡು ನಾನು ಒಂದು ಗಂಟೆಗಿಂತ ಹೆಚ್ಚು ಕಳೆದೆ. ಅದೇ ನನ್ನ ದೊಡ್ಡ ತಪ್ಪು, ಬೀನ್ಸು ಅಲ್ಲ.

ಎರಡೂಕಾಲಿಗೆ ಅಕ್ಕ ಬಣ್ಣದ ಪುಸ್ತಕದ ಮೇಲೆಯೇ ವಾಂತಿ ಮಾಡಿದಳು. ಒರೆಸಿ ಮುಗಿಸುವ ಮೊದಲು ಇನ್ನೊಮ್ಮೆ. ಮುಖ ಬಿಳಿಚಿತು, ಕೈ ತಣ್ಣಗಾಯಿತು. ನಾನು ತಮ್ಮನನ್ನು ಒಂದು ಹೆಗಲಿಗೆ ಹಾಕಿಕೊಂಡು, ಅವಳನ್ನು ಇನ್ನೊಂದು ಕೈಯಲ್ಲಿ ಹಿಡಿದು, ಎದುರು ಮನೆಯ ಬಾಗಿಲು ತಟ್ಟಿದೆ.

ಅಲ್ಲಿ ಇದ್ದದ್ದು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು, ಅಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿದವರು. ಎರಡು ತಿಂಗಳಲ್ಲಿ ನಾನು ಅವರೊಡನೆ ಒಂದು ಮಾತೂ ಆಡಿರಲಿಲ್ಲ. ಅವರ ಚಪ್ಪಲಿಯ ಸದ್ದು ಕೇಳಿದರೆ ಅದು ಮೆಟ್ಟಿಲಿಳಿದು ಹೋಗುವವರೆಗೆ ಬಾಗಿಲ ಹಿಂದೆ ನಿಲ್ಲುತ್ತಿದ್ದೆ.

"ಬನ್ನಿ ಬಾಯಮ್ಮ," ಎಂದರು ಬಾಗಿಲು ತೆರೆದು. ನಮ್ಮ ಕಡೆ ಕ್ರಿಸ್ತುವರ ಹೆಂಗಸರನ್ನು ಕರೆಯುವುದು ಹಾಗೆಯೇ, ಎಷ್ಟೋ ದಿನದ ಮೇಲೆ ಕೇಳಿದೆ. "ದಿನಾ ಬಾಗಿಲಿನ ತೂತಿನಿಂದ ನನ್ನನ್ನು ನೋಡ್ತೀರಿ. ಇವತ್ತು ಪೂರ್ತಿ ನೋಡ್ಲಿಕ್ಕೆ ಬಂದ್ರಾ?" ಅಷ್ಟು ಹೇಳುವಾಗ ಅಕ್ಕನ ಮುಖ ಕಂಡು ದನಿ ಬದಲಾಯಿತು. "ಎಂತ ಆಯ್ತು ಮಗುವಿಗೆ?"

ಹೇಳಿದೆ. ಎಲ್ಲವನ್ನೂ, ನಾನು ತಿಂದದ್ದನ್ನೂ.

"ನೀವ್ಯಾಕೆ ತಿಂದದ್ದು?"

"ನನಗೆ ಎಂತ ಆಗ್ತದೆ ಅಂತ ನೋಡ್ಲಿಕ್ಕೆ."

"ಒಳ್ಳೆ ಡಾಕ್ಟ್ರು ನೀವು. ನೀವೂ ಬಿದ್ರೆ ಈ ಎರಡನ್ನು ಹಿಡಿಯುವವರು ಯಾರು?" ತಮ್ಮನನ್ನು ನನ್ನ ಹೆಗಲಿನಿಂದ ತೆಗೆದುಕೊಂಡರು. "ಮಗಳಿಗೆ ಫೋನ್ ಮಾಡಿದ್ರಾ?"

"ಇಲ್ಲ. ಹೇಳಿದ್ರೆ ಅವಳು ಕೆಲಸ ಬಿಡ್ತಾಳೆ."

"ಬಿಡ್ಲಿ. ಕೆಲಸ ಇನ್ನೊಂದು ಸಿಗ್ತದೆ. ನಾನು ಮಾಡಿ ಹೇಳ್ಲಾ?"

ಹೂಂ ಎಂದುಬಿಡಲು ಮನಸ್ಸಾಯಿತು. ಆದರೆ ಸುಳ್ಳು ಹೇಳಿದ್ದು ನಾನು. ನಾನೇ ಮಾಡುತ್ತೇನೆ ಎಂದೆ.

ಅವರು ನಮ್ಮ ಮನೆಗೆ ಬಂದು ನಂಬರ್ ಒತ್ತಿಕೊಟ್ಟರು. ಆಫೀಸಿನಿಂದ ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಏನೋ ಹೇಳಿದ. ನಾನು ನಿಮ್ಮಮ್ಮನ ಹೆಸರು ಹೇಳಿ, "ಮದರ್," ಎಂದೆ. ಅವನು ಮತ್ತೆ ಏನೋ ಕೇಳಿದ. "ಮದರ್," ಎಂದೆ. ಮೂರನೆಯ ಸಲ ನನ್ನ ದನಿಯಲ್ಲಿ ಏನಿತ್ತೋ, ಅವನು ಮಾತು ನಿಲ್ಲಿಸಿದ. ನಿಮ್ಮಮ್ಮ ಬಂದಳು.

"ಅಕ್ಕ ವಾಂತಿ ಮಾಡಿದಳು. ಬೀನ್ಸ್ ತಿಂದದ್ದು."

"ಕುದಿಸಿದ್ದೆ ಅಂದ್ಯಲ್ಲ?"

"ಸುಳ್ಳು ಹೇಳಿದ್ದು."

ಫೋನು ಕಟ್ಟಾಯಿತು.

ಅರ್ಧ ಗಂಟೆಯಲ್ಲಿ ಟ್ಯಾಕ್ಸಿಯಲ್ಲಿ ಬಂದಳು. ನನ್ನನ್ನು ನೋಡಲಿಲ್ಲ. ಅಕ್ಕನನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಂಡು, ಅದೇ ಟ್ಯಾಕ್ಸಿಯಲ್ಲಿ ಕ್ಲಿನಿಕ್ಕಿಗೆ ಹೋದಳು. ನನಗೂ ಆಗ ಹೊಟ್ಟೆ ತೊಳಸುತ್ತಿತ್ತು. ಬೀನ್ಸಿಗೋ ಹೆದರಿಕೆಗೋ ಗೊತ್ತಾಗಲಿಲ್ಲ. ಬಚ್ಚಲಿಗೆ ಹೋಗಿ ವಾಂತಿ ಮಾಡಿ ಬಾಯಿ ತೊಳೆದು ಬಂದೆ. ಎದುರು ಮನೆಯವರು ಹೋಗಲಿಲ್ಲ, ತಮ್ಮನಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ತೊಡೆಯ ಮೇಲೆ ಮಲಗಿಸಿಕೊಂಡರು. ಮಸೀದಿಯ ಬಾಂಗ್ ಆದಾಗ ನನಗೆ ಮಗುವನ್ನು ಕೊಟ್ಟು ನಮ್ಮ ಹಾಲಿನಲ್ಲೇ ನಮಾಜು ಮಾಡಿದರು. ಯಾವ ದಿಕ್ಕು ಎಂದು ಕೇಳಬೇಕಾಗಿರಲಿಲ್ಲ, ಎರಡೂ ಮನೆ ಒಂದೇ ನಮೂನೆ. ಎದ್ದವರು, "ನಿಮ್ಮ ಮಗುವಿನ ಹೆಸರು ಸೇರಿಸಿ ಕೇಳಿದ್ದೇನೆ," ಎಂದರು. ನಾನು ಜಪಸರ ಹಿಡಿದಿದ್ದೆ, ಆದರೆ ಎಷ್ಟನೆಯ ಮಣಿಯಲ್ಲಿ ಇದ್ದೇನೆಂದು ಒಮ್ಮೆಯೂ ತಿಳಿಯಲಿಲ್ಲ.

ಆ ಎರಡೂವರೆ ಗಂಟೆಯ ಬಗ್ಗೆ ಹೆಚ್ಚು ಬರೆಯಲಾರೆ. ಲಿಫ್ಟಿನ ಸದ್ದು ಕೇಳಿದಾಗೆಲ್ಲ ಎದ್ದು ನಿಂತೆ.

ಐದೂವರೆಗೆ ಬಂದರು. ಅಕ್ಕ ತಾನೇ ನಡೆದು ಬಂದಳು, ಕೈಯಲ್ಲಿ ಜ್ಯೂಸಿನ ಪೊಟ್ಟಣ. ಕ್ಲಿನಿಕ್ಕಿನಲ್ಲಿ ಇನ್ನೊಮ್ಮೆ ವಾಂತಿಯಾಗಿ ನಿಂತಿತ್ತಂತೆ. ಹೊಟ್ಟೆಯಲ್ಲಿ ಇದ್ದದ್ದೆಲ್ಲ ಹೊರಗೆ ಬಂದಿದೆ, ನೀರು ಕುಡಿಸುತ್ತಾ ಇರಿ ಎಂದರಂತೆ ಡಾಕ್ಟರು. "ಮಾಂಯ್, ಬಿಸ್ಕೆಟ್ ಉಂಟಾ?" ಎಂದಳು. ಎದುರು ಮನೆಯವರು ಅವಳ ಕೆನ್ನೆ ಸವರಿ, ನನಗೆ ಬರುತ್ತೇನೆ ಎಂದು ತಲೆಯಾಡಿಸಿ ಹೋದರು.

ನಿಮ್ಮಮ್ಮ ಆ ಭಾರದ ಪಾತ್ರೆಯನ್ನು ಎತ್ತಿ ಸೂಪನ್ನೆಲ್ಲ ಚೆಲ್ಲಿದಳು. ಪಾಸ್ತಾದ ಪೊಟ್ಟಣವನ್ನು ಬಿಚ್ಚಿಯೇ ಇರಲಿಲ್ಲ. ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ಬೀನ್ಸಿನ ವಿಷಯಕ್ಕೆ ಸಿಟ್ಟಿಲ್ಲ ಮಾಂಯ್. ಕಾರಣ ನಾನು ಮೊದಲೇ ಹೇಳ್ಬೇಕಿತ್ತು. ಆದ್ರೆ ನೀನು ಹೂಂ ಅಂದ್ಯಲ್ಲ. ಇನ್ನು ನಾನು ಆಫೀಸಲ್ಲಿ ಕೂತು ಮಕ್ಕಳು ಹೇಗಿದ್ದಾರೆ ಅಂತ ಕೇಳಿದ್ರೆ, ನೀನು ಹೇಳಿದ್ದನ್ನು ನಂಬುದು ಹೇಗೆ?"

ಮರುದಿನ ಅವಳು ಆಫೀಸಿಗೆ ಹೋಗಲಿಲ್ಲ. ಮಗುವಿಗೆ ಹುಷಾರಿಲ್ಲ ಎಂದು ಫೋನು ಮಾಡಿದಳು. ಇಸ್ತ್ರಿ ಮಾಡಿದ ಇನ್ನೊಂದು ಜೊತೆ ಬಟ್ಟೆ ಬಾಗಿಲ ಹಿಂದೆಯೇ ಇತ್ತು. ನಾನು ಗಂಜಿ ಮಾಡಿದೆ, ಅವಳು ಪಕ್ಕದಲ್ಲಿ ನಿಂತು ಗ್ಯಾಸ್ ಹಚ್ಚಿಕೊಟ್ಟಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಮಧ್ಯಾಹ್ನ ಮಕ್ಕಳಿಬ್ಬರೂ ಮಲಗಿದಾಗ ನಾನು ಅವಳ ಎದುರು ಹೋಗಿ ಕೂತೆ. ಪಾಪನಿವೇದನೆಗೆ ಹೋಗುವ ಮೊದಲು ಇಗರ್ಜಿಯ ಬೆಂಚಿನಲ್ಲಿ ಕೂತು ತಪ್ಪುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಬೇಕೆಂದು ನಮಗೆ ಚಿಕ್ಕಂದಿನಲ್ಲಿಯೇ ಕಲಿಸಿದ್ದರು. ಹಿಂದಿನ ದಿನದಿಂದ ನಾನು ಅದನ್ನೇ ಮಾಡುತ್ತಿದ್ದೆ.

"ಇನ್ನೂ ಉಂಟು," ಎಂದೆ.

"ಎಂತ ಇನ್ನೂ ಉಂಟು?"

"ತಮ್ಮ ಒಮ್ಮೆ ಸೋಫಾದಿಂದ ಜಾರಿದ. ದಿಂಬಿನ ಮೇಲೆ ಬಿದ್ದ, ಪೆಟ್ಟಾಗ್ಲಿಲ್ಲ. ನೀನು ಸ್ನಾನಕ್ಕೆ ಹೋಗಿದ್ದೆ. ಹೇಳ್ಲಿಲ್ಲ."

ಅವಳ ಮುಖ ಬಿಗಿಯಿತು.

"ಹಾಲಿನ ಪುಡಿಯನ್ನು ಆ ಚಮಚದಲ್ಲಿ ಅಳೆಯುದಿಲ್ಲ. ಅಂದಾಜಲ್ಲಿ ಹಾಕ್ತೇನೆ. ನೀವು ಯಾರೂ ಇಲ್ಲದಾಗ ಫೋನ್ ಬಂದ್ರೆ ಎಷ್ಟೋ ಸಲ ತೆಗೆಯುದಿಲ್ಲ. ಇಂಗ್ಲಿಷಲ್ಲಿ ಮಾತಾಡಿದ್ರೆ ಅಂತ. ನಿನ್ನ ನೀಲಿ ಕಪ್ಪು ಒಡೆದು ಕಸದ ಚೀಲದ ಅಡಿಯಲ್ಲಿ ಹಾಕಿದ್ದು ನಾನು. ಎದುರು ಮನೆಯವರು ಒಮ್ಮೆ ಪತ್ತಿರ್ ರೊಟ್ಟಿ ಕೊಡ್ಲಿಕ್ಕೆ ಬಂದು ಬೆಲ್ ಮಾಡಿದ್ರು, ನಾನು ಉಸಿರು ಬಿಡದೆ ನಿಂತೆ. ಅವರು ವಾಪಸು ಹೋದ್ರು."

"ಪತ್ತಿರ್ ಕೂಡ ಹೋಯ್ತಾ?" ಎಂದಳು. ನಗು ಬಂದುಬಿಟ್ಟಿತು ಅವಳಿಗೆ. ಕೂಡಲೇ ನಿಲ್ಲಿಸಿ, "ಹಾಲಿನ ಪುಡಿ ಅಂದಾಜಲ್ಲಿ ಹಾಕ್ಬಾರ್ದು ಮಾಂಯ್, ಬಾ ತೋರಿಸ್ತೇನೆ," ಎಂದು ಎದ್ದಳು. ಚಮಚದ ಮೇಲಿನ ಪುಡಿಯನ್ನು ಚಾಕುವಿನಿಂದ ಸಮ ಮಾಡುವುದನ್ನು ಮೂರು ಸಲ ಮಾಡಿಸಿದಳು. ಮತ್ತೆ, "ಸೋಫಾದಿಂದ ಬಿದ್ದದ್ದು ಯಾವತ್ತು? ಅತ್ತನಾ? ಎಷ್ಟು ಹೊತ್ತು?" ಎಂದು ಕೇಳಿದಳು. ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ.

ಸಂಜೆ ನಿಮ್ಮಪ್ಪನೊಡನೆ ಕೋಣೆಯೊಳಗೆ ಏನು ಮಾತಾಡಿದಳೋ ನನಗೆ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಇಸ್ತ್ರಿಯ ಬಟ್ಟೆ ಹಾಕಿಕೊಂಡು ಬಂದು ನಿಂತಳು. "ಏನಾದ್ರೂ ಆದ್ರೆ ಫೋನ್ ಮಾಡು. ನಾನು ಮಾಡುವವರೆಗೆ ಕಾಯ್ಬೇಡ," ಎಂದಳು. ಅಷ್ಟೇ. ವ್ಯಾನು ತಿರುಗಿ ಮರೆಯಾಗುವವರೆಗೆ ಕಿಟಕಿಯಲ್ಲಿ ನಿಂತೆ. ಹೆದರಿಕೆ ಹೋಗಿರಲಿಲ್ಲ. ಆ ಕೆಲಸದಲ್ಲಿ ಅವಳು ಆಮೇಲೆ ಎಷ್ಟೋ ವರ್ಷ ಇದ್ದಳು, ನನ್ನ ಹೆದರಿಕೆಯೂ ಅಷ್ಟೇ ವರ್ಷ ಇತ್ತು.

ಒಂಬತ್ತೂವರೆಗೆ ನಾನೇ ಕೂತು ಒಂದೊಂದೇ ಅಂಕೆ ನೋಡಿ ಒತ್ತಿದೆ. ಅದೇ ಗಂಡಸು ಎತ್ತಿದ. "ಮದರ್," ಎಂದೆ. ಈ ಸಲ ಅವನು ಏನೂ ಕೇಳಲಿಲ್ಲ.

ನಿಮ್ಮಮ್ಮ ಓಡಿ ಬಂದಿರಬೇಕು, ಏದುಸಿರಿತ್ತು. "ಎಂತ ಆಯ್ತು ಮಾಂಯ್?"

"ಎಂತ ಆಗ್ಲಿಲ್ಲ. ತಮ್ಮ ಮಲಗಿದ್ದಾನೆ. ಎಂತ ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ಮಾಡಿದ್ದು."

"ಆಯ್ತು," ಎಂದಳು. "ಹನ್ನೊಂದಕ್ಕೆ ಇನ್ನೊಮ್ಮೆ ಮಾಡು."